ಕೊಪ್ಪದ ಕಾಕಾ ಕಾಯ್ದ ಗಿರಾಕಿ

ಕೊಪ್ಪದ ಕಾಕಾ ನೀರನ್ನು ಸೀರೆಯ ಹಾಗೆ ನೋಡುತ್ತಿದ್ದರು. ಮೊದಲು ದೂರ ಹಿಡಿದು ಇಡೀ ಮೈ, ಆಮೇಲೆ ಹತ್ತಿರ ತಂದು ಅಂಚು, ಕೊನೆಗೆ ಕನ್ನಡಕ ಹಣೆಗೇರಿಸಿ ಎಳೆ ಎಳೆ. ಅವರ ಎಡಗೈ ಡಯಾಲಿಸಿಸ್ ಯಂತ್ರದ ಎರಡು ನಳಿಗೆಗಳಿಗೆ ಕಟ್ಟುಬಿದ್ದು ದಿಂಬಿನ ಮೇಲೆ ಅಲ್ಲಾಡದೆ ಮಲಗಿರುತ್ತಿತ್ತು. ಬಲಗೈಯ ತೋರುಬೆರಳು ಮಾತ್ರ ಹೊಟ್ಟೆಯ ಮೇಲೆ ನಿಲ್ಲಿಸಿಕೊಂಡ ಟ್ಯಾಬಿನ ಗಾಜಿನ ಮೇಲೆ ಓಡಾಡುತ್ತಿತ್ತು. ಗಾಜಿನೊಳಗೆ ಸ್ಕಾಟ್ಲೆಂಡಿನ ಒಂದು ದೊಡ್ಡ ಕೊಳ, ಸರೋವರವೇ. ಉದ್ದನೆಯದು, ಕಪ್ಪನೆಯದು, ಎರಡೂ ಕಡೆ ಗುಡ್ಡ. ಅದರೊಳಗೆ ಉದ್ದ ಕತ್ತಿನ ದೊಡ್ಡದೊಂದು ಪ್ರಾಣಿ ಇದೆಯೆಂದು ಅಲ್ಲಿಯ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಆ ಪ್ರಾಣಿಯನ್ನು ಕಾಕಾ ಮರಾಠಿ ನಾಡಿನ ಚಿಂಚವಾಡದ ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಮಲಗಿಕೊಂಡು ಹುಡುಕುತ್ತಿದ್ದರು.

"ಏನಾದ್ರೂ ಸಿಕ್ತಾ ಅಂಕಲ್?" ಎಂದು ಪಕ್ಕದ ಹಾಸಿಗೆಯಿಂದ ನಾನು ಕೇಳಿದರೆ ಯಾವಾಗಲೂ ಒಂದೇ ಉತ್ತರ.

"ಇಲ್ಲವ್ವಾ. ಇವತ್ತ ಗಿರಾಕಿ ಬಂದಿಲ್ಲ."

ಅಂಗಡಿಯವರ ಮಾತು ಅದು. ಈರಪ್ಪ ಕೊಪ್ಪದ ಎಂಬುದು ಅವರ ಪೂರ್ತಿ ಹೆಸರು. ಇಂಡಿ ಕಡೆಯ ಹಳ್ಳಿಯಿಂದ ಹುಡುಗರಾಗಿದ್ದಾಗಲೇ ಬಂದು ಪಿಂಪ್ರಿ ಮಾರುಕಟ್ಟೆಯಲ್ಲಿ ಸೀರೆ ಅಂಗಡಿ ನಡೆಸಿದವರು. ಇಳಕಲ್ಲು ಸೀರೆ, ಖಣದ ಬಟ್ಟೆ, ಮದುವೆಯ ಜವಳಿ. ಗಾದಿಯ ಮೇಲೆ ಕುಳಿತು ಒಂದು ಬದುಕಿನಷ್ಟು ಸೀರೆ ಬಿಚ್ಚಿ ಹರವಿದವರು. "ಹರವೂದು ನನ್ನ ಕೆಲಸ, ಒಯ್ಯೂದು ಅವರ ಕೆಲಸ. ಇಪ್ಪತ್ತ ಸೀರಿ ಬಿಚ್ಚಿಸಿ ಒಂದೂ ಒಯ್ಯದ ಹೋದಾಕಿ ಮ್ಯಾಲೆ ನನಗ ಸಿಟ್ಟ ಬಂದಿಲ್ಲ, ಯಾಕ ಅಂದ್ರ ಆಕಿ ಮುಂದಿನ ವಾರ ಬರತಾಳ" ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಮೂತ್ರಪಿಂಡಗಳನ್ನು ತಿಂದ ಮೇಲೆ ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟು ನಿಗಡಿಯ ಮನೆಯಲ್ಲಿ ಕುಳಿತರು. ವಾರಕ್ಕೆ ಮೂರು ಸಲ ಯಂತ್ರಕ್ಕೆ ಬರುವುದೊಂದೇ ಅವರ ಓಡಾಟವಾಯಿತು.

ನಾನು ತುಮಕೂರಿನವಳು. ಭೋಸರಿಯ ಒಂದು ಬಿಡಿಭಾಗದ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ. ನಲವತ್ತು ತುಂಬುವ ಮೊದಲೇ ನನ್ನ ಮೂತ್ರಪಿಂಡಗಳು ಸದ್ದಿಲ್ಲದೆ ನಿಂತುಹೋದವು. ಡಯಾಲಿಸಿಸ್ ಎಂದರೆ ನೋವೇನೂ ಅಷ್ಟಿಲ್ಲ. ಸೂಜಿ ಚುಚ್ಚುವಾಗ ಒಂದು ಕ್ಷಣ, ಕೆಲವು ದಿನ ಕಾಲಿನ ಸೆಳೆತ. ಅದಕ್ಕಿಂತ ದೊಡ್ಡದು ದಣಿವು. ಯಂತ್ರ ನಾಲ್ಕು ಗಂಟೆ ಹೊತ್ತು ರಕ್ತವನ್ನು ಹೊರಗೆಳೆದು ತೊಳೆದು ಒಳಗೆ ಬಿಡುತ್ತದೆ, ಮೈಯಲ್ಲಿ ನಿಂತ ನೀರನ್ನು ಹಿಂಡಿ ತೆಗೆಯುತ್ತದೆ. ಎದ್ದು ನಿಂತಾಗ ನಾವು ಒಗೆದು ಹಿಂಡಿದ ಬಟ್ಟೆ. ಮರುದಿನ ಸ್ವಲ್ಪ ಮನುಷ್ಯರಾಗುವಷ್ಟರಲ್ಲಿ ಅದರ ಮರುದಿನ ಮತ್ತೆ ಅದೇ ಹಾಸಿಗೆ.

ಬೆಳಗಿನ ಪಾಳಿ ಎಂದರೆ ಎಲ್ಲರಿಗೂ ಎಲ್ಲಿಲ್ಲದ ಆಸೆ. ಬೇಗ ಬಂದು ಬೇಗ ಮುಗಿಸಿದರೆ ಉಳಿದ ದಿನ ಕೈಗೆ ಸಿಗುತ್ತದೆ. ಮಧ್ಯಾಹ್ನ ಹನ್ನೆರಡರ ಪಾಳಿ ದಿನವನ್ನು ನಡುವೆ ಕತ್ತರಿಸಿ ಎರಡೂ ತುಂಡುಗಳನ್ನು ಕೆಡಿಸುತ್ತದೆ. ಹೊಸಬಳಾದ ನನಗೆ ಅದೇ ಸಿಕ್ಕಿತ್ತು. ಹೀಗಿರುವಾಗ ವರ್ಷಗಟ್ಟಲೆ ಬೆಳಗಿನ ಪಾಳಿಯಲ್ಲಿದ್ದ ಒಬ್ಬ ಹಿರಿಯರು ತಾವಾಗಿಯೇ ಅದನ್ನು ಒಬ್ಬ ರಿಕ್ಷಾ ಚಾಲಕನಿಗೆ ಬಿಟ್ಟುಕೊಟ್ಟು ಮಧ್ಯಾಹ್ನಕ್ಕೆ ಬರುತ್ತಿದ್ದಾರೆಂದು ಕೇಳಿ ಇಡೀ ವಾರ್ಡು ಬೆರಗಾಯಿತು. ನಮ್ಮ ಟೆಕ್ನಿಷಿಯನ್ ದಿಲೀಪ ಹಳೆಯ ಪರಿಚಯದ ಸಲುಗೆಯಿಂದ ಕೇಳಿಯೇಬಿಟ್ಟ. "ಕಾಕಾ, ವೇಡ ಲಾಗಲಂ ಕಾ? ಹುಚ್ಚು ಹಿಡಿದಿದೆಯೇ?"

"ಇಲ್ಲಪ್ಪಾ, ನಮ್ಮ ಮುಂಜಾನೆ ಅಂದ್ರ ಅಲ್ಲಿ ಕತ್ತಲಿ. ಏನೂ ಕಾಣಂಗಿಲ್ಲ. ಅಲ್ಲಿ ಬೆಳಕ ಹರಿಯೂದು ನಮ್ಮ ಮಧ್ಯಾಹ್ನಕ್ಕ" ಎಂದರು ಕಾಕಾ. ಅವರು ಮರಾಠಿಯಲ್ಲೇ ಶುರು ಮಾಡಿ ಕನ್ನಡಕ್ಕೆ ಜಾರಿಬಿಡುತ್ತಿದ್ದರು. ದಿಲೀಪನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ನಗುತ್ತಿದ್ದ. ಆ ದಿನ ನಗುತ್ತಾ ಅಲ್ಲಿ ಎಂದರೆ ಎಲ್ಲಿ ಎಂದು ಕೇಳಿದ. ಕಾಕಾ ಟ್ಯಾಬ್ ತಿರುಗಿಸಿ ತೋರಿಸಿದರು.

ಅವತ್ತೇ ಅಮ್ಮನ ಜೊತೆ ನಾನು ಫೋನಿನಲ್ಲಿ ಮಾತಾಡಿದ್ದು ಅವರ ಕಿವಿಗೆ ಬಿತ್ತು.

"ಎಲ್ಲ್ಯಾವರವ್ವಾ ನೀವು?"

"ತುಮಕೂರು ಅಂಕಲ್."

"ಹಂಗಾರ ಅರ್ಧ ಕನ್ನಡದಾಕಿ ಅನ್ನು. ಇರಲಿ, ಮರಾಠಿಗಿಂತ ವಾಸಿ. ಇಲ್ಲಿ ನೋಡು, ಇದೇನಂತ ಹೇಳು." ಟ್ಯಾಬನ್ನು ನನ್ನ ಕಡೆ ವಾಲಿಸಿದರು. ಕಪ್ಪು ನೀರಿನ ಮೇಲೆ ಬಿಳಿಯ ಗೀರು.

"ಬೋಟ್ ಥರ ಇದೆ ಅಂಕಲ್."

"ಬೋಟೇ ಅದ" ಎಂದರು ಸಮಾಧಾನದಿಂದ. "ನೀ ಏನಂತೀ ಅಂತ ನೋಡಿದೆ. ಪ್ರಾಣಿ ಅಂದಿದ್ರ ನಿನ್ನ ಮಾತ ಮುಂದ ನಂಬತಿರಲಿಲ್ಲ."

ಈ ಹುಡುಕಾಟ ಶುರುವಾದದ್ದು ಮರಾಠಿ ಸುದ್ದಿಯ ಒಂದು ತುಣುಕಿನಿಂದ. ಯಾರೋ ಮನೆಯಲ್ಲೇ ಕುಳಿತು ಆಕಾಶದಿಂದ ತೆಗೆದ ಭೂಪಟದಲ್ಲಿ ಆ ಕೊಳದ ಪ್ರಾಣಿಯ ಆಕಾರ ಕಂಡೆನೆಂದು ಹೇಳಿದ್ದರಂತೆ. ಅದೂ ದೋಣಿಯ ಹಿಂದಿನ ನೊರೆಯೇ ಇರಬೇಕೆಂದು ಕಾಕಾರಿಗೆ ಆಗಲೇ ಅನ್ನಿಸಿತ್ತು. ಆದರೆ ಹುಡುಕುವುದಕ್ಕೆ ಅಲ್ಲಿಗೆ ಹೋಗಬೇಕಾಗಿಲ್ಲ ಎಂಬ ಸಂಗತಿ ಅವರನ್ನು ಹಿಡಿದುಕೊಂಡಿತು. "ನಾ ಹೆಂಗೂ ಬಿದ್ದುಕೊಂಡಿರತೀನಿ. ಬಿದ್ದುಕೊಂಡ ಮಾಡೋ ಕೆಲಸ ಜಗತ್ತಿನಾಗ ಇದೊಂದ ಸಿಕ್ತು" ಎಂದರು. ಮೊದಮೊದಲು ಭೂಪಟದ ಚಿತ್ರಗಳನ್ನೇ ಚೌಕ ಚೌಕವಾಗಿ ಹಿಗ್ಗಿಸಿ ನೋಡುತ್ತಿದ್ದರು. ಆಮೇಲೆ ಆ ಕೊಳದ ದಡದಲ್ಲಿ ಕ್ಯಾಮೆರಾಗಳನ್ನು ನಿಲ್ಲಿಸಿದ್ದಾರೆಂದೂ, ಅವು ತೋರಿಸುವುದನ್ನು ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನೋಡಬಹುದೆಂದೂ ತಿಳಿಯಿತು. ಅದರ ನಂತರ ಅವರಿಗೆ ಬಿಡುವೇ ಇರಲಿಲ್ಲ. ಬೇಸರ ಬಂದಾಗ ಕೆನಡಾದ, ತುರ್ಕಿಯ, ಸ್ವೀಡನ್ನಿನ ಕೊಳಗಳಿಗೂ ಒಂದು ಸುತ್ತು ಹೋಗಿ ಬರುತ್ತಿದ್ದರು. ಅಲ್ಲೂ ಇಂಥ ಪ್ರಾಣಿಗಳ ಕತೆ ಇದೆಯಂತೆ.

"ನಮ್ಮ ಪವನಾ ಡ್ಯಾಮಲ್ಲಿ ಹುಡುಕಬಾರದಾ?" ಎಂದೆ ಒಮ್ಮೆ.

"ಇಲ್ಲಿ ಇದ್ದಿದ್ರ ಇಷ್ಟೊತ್ತಿಗೆ ಯಾರರ ಹಿಡದು ಮಸಾಲಿ ಹಚ್ಚಿರತಿದ್ರು."

ಚಳಿಗಾಲದಲ್ಲಿ ಆ ಕಡೆ ಸೂರ್ಯ ತಡವಾಗಿ ಹುಟ್ಟುತ್ತಾನೆ. ಆಗ ಕಾಕಾ ಮೊದಲರ್ಧ ಮುಸುಕು ಹೊದ್ದು ನಿದ್ದೆ ಮಾಡಿ, ಬೆಳಕಾದ ಮೇಲೆ ಎಬ್ಬಿಸಲು ದಿಲೀಪನಿಗೆ ಹೇಳಿರುತ್ತಿದ್ದರು. ಅವನು ಬಂದು "ಕಾಕಾ, ಉಜಾಡಲಂ" ಎಂದು ಹೆಗಲು ತಟ್ಟುವನು. ಮಧ್ಯಾಹ್ನದ ಎರಡು ಗಂಟೆಯ ಬಿಸಿಲು ಕಿಟಕಿಯ ಹೊರಗೆ ಸುಡುತ್ತಿರುವಾಗ ಬೆಳಗಾಯಿತೆಂದು ಹೇಳುವುದನ್ನು ಕೇಳಿ ಹೊಸ ರೋಗಿಗಳು ಗಾಬರಿಯಾಗುತ್ತಿದ್ದರು.

ನಮ್ಮಂಥವರಿಗೆ ಕುಡಿಯುವ ನೀರಿಗೂ ಲೆಕ್ಕ. ಚಹಾ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ ದಿನಕ್ಕೆ ಒಂದು ಬಾಟಲಿ ಮೀರುವ ಹಾಗಿಲ್ಲ. ಕುಡಿದದ್ದು ಹೊರಗೆ ಹೋಗಲು ದಾರಿಯಿಲ್ಲವಲ್ಲ, ಅದು ಕಾಲಿನಲ್ಲಿ ಸೇರುತ್ತದೆ, ಹೊಟ್ಟೆಯಲ್ಲಿ ಸೇರುತ್ತದೆ, ಕೊನೆಗೆ ಶ್ವಾಸಕೋಶಕ್ಕೆ ಏರುತ್ತದೆ. ಹಸಿವನ್ನು ಮರೆಯಬಹುದು. ಬಾಯಾರಿಕೆಯನ್ನು ಮರೆಯಲು ಆಗುವುದಿಲ್ಲ. ಅದು ನಾಲಗೆಯ ಮೇಲೆಯೇ ಕುಳಿತಿರುತ್ತದೆ. ಕಾಕಾ ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ನಿಭಾಯಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಏಲಕ್ಕಿ ಸಾಲದೆ ಹೋಯಿತು. ಹೆಂಡತಿ ಶಾಂತವ್ವನ ಜೊತೆ ಜೇಜುರಿಗೆ ಹೋಗಿದ್ದರು. ಅವರ ಮನೆದೇವರು ಮೈಲಾರಲಿಂಗ, ಇಲ್ಲಿಯ ಜನರಿಗೆ ಖಂಡೋಬ. ಮೆಟ್ಟಿಲು ಹತ್ತಲಾಗದೆ ಕೆಳಗೇ ಕೈಮುಗಿದು ಕುಳಿತ ಕಾಕಾರ ಪಕ್ಕದಲ್ಲಿ ಯಾರೋ ಭಕ್ತರಿಗೆಂದು ಹೂಜಿಗಳಲ್ಲಿ ನೀರು ಇಟ್ಟಿದ್ದರಂತೆ. ಶಾಂತವ್ವ ಮೇಲೆ ಹೋಗಿ ಭಂಡಾರದ ಅರಿಸಿನ ಹಾರಿಸಿ ಇಳಿದು ಬರುವಷ್ಟರಲ್ಲಿ ಇವರು ಹೂಜಿಯ ಬಳಿಯೇ ಕುಳಿತುಬಿಟ್ಟಿದ್ದರು. ಮರುದಿನ ಪಾಳಿಯ ಹೊತ್ತಿಗೆ ಕಾಯದೆ ಅವರನ್ನು ಗಾಲಿಕುರ್ಚಿಯಲ್ಲಿ ತಂದರು. ತುಟಿ ನೀಲಿ, ಎದೆಯಲ್ಲಿ ಗೊರಗೊರ ಸದ್ದು. ಹಣೆಯಲ್ಲಿ ಇನ್ನೂ ಅರಿಸಿನ. ದಿಲೀಪ ಬೈಯುತ್ತಲೇ ಸೂಜಿ ಚುಚ್ಚಿದ, ಬೈಯುತ್ತಲೇ ಆಕ್ಸಿಜನ್ ಹಾಕಿದ, ಬೈಯುತ್ತಲೇ ಕಣ್ಣು ಒರೆಸಿಕೊಂಡ. ಉಸಿರು ತಹಬಂದಿಗೆ ಬಂದದ್ದು ನನ್ನ ಪಾಳಿ ಶುರುವಾದ ಎಷ್ಟೋ ಹೊತ್ತಿನ ಮೇಲೆ.

"ಕುಡೀಬೇಕಂತ ಕುಡೀಲಿಲ್ಲವ್ವಾ. ಮೊದಲನೇ ಗುಟುಕ ನಾ ಕುಡದೆ. ಆಮ್ಯಾಲಿಂದು ಯಾರ ಕುಡದ್ರೋ ನನಗ ಗೊತ್ತಿಲ್ಲ" ಎಂದರು.

ನನಗೆ ಬಹಳ ದಿನದಿಂದ ಕೇಳಬೇಕೆನಿಸಿದ್ದನ್ನು ಆಗ ಕೇಳಿದೆ. "ಇಷ್ಟು ಬಾಯಾರಿಕೆ ಇಟ್ಕೊಂಡು ದಿನಾ ಆ ಕೊಳ ಯಾಕೆ ನೋಡ್ತೀರಾ ಅಂಕಲ್? ನನಗಂತೂ ನಲ್ಲಿ ಸದ್ದು ಕೇಳಿದ್ರೂ ಆಗಲ್ಲ."

ಮುಖದ ಮೇಲಿನ ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಸರಿಸಿ, ಉಸಿರು ಕೂಡಿಸಿಕೊಂಡು ಹೇಳಿದರು. "ಹುಡುಕಾಕ ಹತ್ತಿದ್ರ ಅದು ನೀರು ಅನ್ನೂದ ಮರತು ಹೋಗತದ."

ಆ ದಿನ ಸಂಜೆ ಶಾಂತವ್ವ ನನಗಾಗಿ ಹೊರಗಿನ ಉಕ್ಕಿನ ಬೆಂಚಿನ ಮೇಲೆ ಕಾಯುತ್ತಿದ್ದರು. ತಲೆಯ ತುಂಬ ಸೆರಗು, ಮಡಿಲಲ್ಲಿ ಖಾಲಿ ಡಬ್ಬಿ. ಹೆಚ್ಚು ಮಾತಿನವರಲ್ಲ. ನಾನು ಕಟ್ಟು ಹಾಕಿದ ಕೈಯನ್ನು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತೆ.

"ಒಂದು ಹೇಳ್ತೀನಿ ಸುಮಾ, ಅವರ ಮುಂದ ಅನಬ್ಯಾಡ. ಹ್ವಾದ ದಸರಾದಾಗ ಇವರು ಸಾಕು ಅಂದಿದ್ರು. ಇನ್ನ ಆ ಯಂತ್ರಕ್ಕ ಹೋಗೂದಿಲ್ಲ, ಮನ್ಯಾಗ ಇರತೀನಿ, ಆದದ್ದ ಆಗ್ಲಿ ಅಂತ. ನಾ ಅತ್ತು ಕರದೆ, ಮೈದುನ ಕಾಲಿಗೆ ಬಿದ್ದ. ಕೇಳಲಿಲ್ಲ. ಅಷ್ಟರಾಗ ಆ ಸುದ್ದಿ ನೋಡಿದ್ರು, ಟ್ಯಾಬ್ ಕೇಳಿದ್ರು. ಈಗ ತಾವಾಗೇ ತಯಾರಾಗಿ ಬಾಗಲದಾಗ ನಿಂತಿರತಾರ." ಡಬ್ಬಿಯ ಮುಚ್ಚಳ ಒತ್ತಿ ಮತ್ತೆ ಹೇಳಿದರು. "ಆ ಪ್ರಾಣಿ ಇದ್ರ ನನಗೇನು, ಇಲ್ಲದಿದ್ರ ನನಗೇನು. ಆದರ ಅದು ಸಿಗಬಾರದು. ಸಿಕ್ಕರ ಇವರ ಕೆಲಸ ಮುಗೀತಲ್ಲ. ದಿನಾ ದೇವರಿಗೆ ಅದನ್ನ ಬೇಡ್ಕೋತೀನಿ, ಸಿಗಬಾರದು ಅಂತ."

ಆದ್ದರಿಂದ ಆ ಮಳೆಗಾಲದ ಮಂಗಳವಾರ ಕಾಕಾ "ಸುಮಾ!" ಎಂದು ಕೂಗಿದಾಗ ನನಗೆ ಖುಷಿಗಿಂತ ಮೊದಲು ಹೆದರಿಕೆಯಾಯಿತು. ಅವರು ಎಂದೂ ಕೂಗಿದವರಲ್ಲ. ಯಂತ್ರದ ಗಂಟೆ ಹೊಡೆದುಕೊಂಡಿತು, ಕೈ ಅಲ್ಲಾಡಿಸಿಬಿಟ್ಟಿದ್ದರು. ದಿಲೀಪ ಓಡಿ ಬಂದವನು ಗಂಟೆ ನಿಲ್ಲಿಸಿ, ಬೈಯಲು ಬಾಯಿ ತೆರೆದು, ಟ್ಯಾಬ್ ನೋಡಿ ಹಾಗೇ ನಿಂತ.

ಕೊಳದ ನಡುವೆ ಏನೋ ಹೋಗುತ್ತಿತ್ತು. ಗಾಳಿಯ ಗೆರೆಗಳೆಲ್ಲ ಒಂದು ಕಡೆಗಿದ್ದರೆ ಇದು ಅಡ್ಡವಾಗಿ ಸಾಗುತ್ತಿತ್ತು. ಮುಂದೆ ಒಂದು ಕಪ್ಪು ಮೊನೆ, ಅದರ ಹಿಂದೆ ಸ್ವಲ್ಪ ಬಿಟ್ಟು ಚಿಕ್ಕ ಗುಬುಟು, ಎರಡರ ಹಿಂದೆ ಅಗಲವಾಗುತ್ತಾ ಹೋಗುವ ಗೆರೆ. ದೋಣಿಯಲ್ಲ, ದೋಣಿಯನ್ನು ಅಷ್ಟು ದಿನಗಳಲ್ಲಿ ನಾನೂ ಗುರುತು ಹಿಡಿಯಬಲ್ಲವಳಾಗಿದ್ದೆ. ದಿಲೀಪ ನನ್ನ ಹಾಸಿಗೆಯನ್ನು ಗಾಲಿಯ ಮೇಲೆ ಒಂದಿಷ್ಟು ಅತ್ತ ತಳ್ಳಿದ. ನಾನು ಫೋನಿನಲ್ಲಿ ಅದನ್ನು ಚಿತ್ರೀಕರಿಸಿಕೊಂಡೆ. ಎದುರು ಸಾಲಿನ ಮುದುಕಿಯೊಬ್ಬಳು "ಕಾಯ್ ಝಾಲಂ, ಕಾಯ್ ಝಾಲಂ" ಎಂದು, ಏನಾಯಿತೆಂದು, ಕೇಳುತ್ತಲೇ ಇದ್ದಳು. ಆಮೇಲೆ ಆ ಕ್ಯಾಮೆರಾ ತನ್ನ ಪಾಡಿಗೆ ತಾನು ದಿಕ್ಕು ಬದಲಿಸಿ ಖಾಲಿ ದಡವೊಂದನ್ನು ತೋರಿಸತೊಡಗಿತು. ಮತ್ತೆ ಹಿಂದಿರುಗಿದಾಗ ನೀರಿನ ಮೇಲೆ ಏನೂ ಇರಲಿಲ್ಲ.

ಕಾಕಾ ಕಣ್ಣು ಮುಚ್ಚಿ ದಿಂಬಿಗೆ ಒರಗಿದರು. ಎದೆ ಏರಿಳಿಯುತ್ತಿತ್ತು. "ಬಂದಿದ್ದ" ಎಂದರು.

ಆ ಕೊಳದಲ್ಲಿ ಕಂಡದ್ದನ್ನೆಲ್ಲ ಬರೆದಿಡುವ ಒಬ್ಬ ಮನುಷ್ಯ ಅಲ್ಲಿದ್ದಾನೆ, ಜನ ಅವನಿಗೆ ಬರೆಯುತ್ತಾರೆ. ನಾವೂ ಬರೆಯುವುದೆಂದಾಯಿತು. ಇಂಗ್ಲಿಷ್ ನನ್ನದು, ಮಾತು ಕಾಕಾರದು. ನಾನು ವಿಚಿತ್ರ ಪ್ರಾಣಿ ಎಂದು ಶುರು ಮಾಡಿದರೆ ತಡೆದರು. "ಪ್ರಾಣಿ ಅಂತ ಬರೀಬ್ಯಾಡ. ನಮಗೇನ ಗೊತ್ತು? ಏನೋ ಒಂದು ಹೋಗ್ತಿತ್ತು ಅಂತ ಬರಿ. ದೊಡ್ಡದು ಅಂತನೂ ಬ್ಯಾಡ. ಎಷ್ಟ ದೊಡ್ಡದು ಅಂತ ಅವ ಕೇಳಿದ್ರ ಏನ ಹೇಳ್ತೀ?" ಅರ್ಧ ಪುಟ ಬರೆದದ್ದು ಕೊನೆಗೆ ನಾಲ್ಕು ಸಾಲಿಗಿಳಿಯಿತು. ಕೆಳಗೆ ಇಬ್ಬರ ಹೆಸರನ್ನೂ ಹಾಕಿಸಿದರು.

ಉತ್ತರ ಬರುವವರೆಗಿನ ದಿನಗಳಲ್ಲಿ ಕಾಕಾ ಬೇರೆಯೇ ಮನುಷ್ಯರಾಗಿದ್ದರು. ಗಡ್ಡ ಹೆರೆದುಕೊಂಡು ಬರುತ್ತಿದ್ದರು. ಎದುರಿನ ಮುದುಕಿಗೆ ಮರಾಠಿಯಲ್ಲಿ ಮೊದಲಿನಿಂದ ಎಲ್ಲವನ್ನೂ ವಿವರಿಸಿದರು. ಶಾಂತವ್ವ ಮಾತ್ರ ಬೆಂಚಿನ ಮೇಲೆ ಕುಗ್ಗಿಹೋಗಿದ್ದರು. ಹೌದೆಂದು ಬಂದರೆ ಹುಡುಕುವ ಕೆಲಸ ಮುಗಿಯುತ್ತದೆ, ಅಲ್ಲವೆಂದು ಬಂದರೆ ಮನಸ್ಸು ಮುರಿಯುತ್ತದೆ. "ಅವ ಉತ್ತರನ ಬರೀಲಿಲ್ಲಂದ್ರ ಛಲೋ" ಎಂದರು ನನ್ನೊಡನೆ.

ಅವನು ಬರೆದ. ಶನಿವಾರ ಸೂಜಿ ಚುಚ್ಚಿಸಿಕೊಳ್ಳುವ ಮೊದಲು ಫೋನಿನಲ್ಲಿ ನೋಡಿದೆ. ಓದಿ ಮುಗಿಸುವಷ್ಟರಲ್ಲಿ ಕಾಕಾ ನನ್ನ ಮುಖ ನೋಡುತ್ತಿದ್ದರು. ಗಿರಾಕಿಗಳ ಮುಖ ಓದಿ ಬದುಕಿದವರ ಎದುರು ಏನು ಮುಚ್ಚಿಡುವುದು?

"ಹೇಳು."

"ಅದಲ್ಲವಂತೆ ಅಂಕಲ್. ಅದು ಜಿಂಕೆಯಂತೆ. ಗಂಡು ಜಿಂಕೆ. ಅಲ್ಲಿ ಅವು ಆ ದಡದಿಂದ ಈ ದಡಕ್ಕೆ ಈಜಿಕೊಂಡು ಹೋಗ್ತವಂತೆ. ಮುಂದಿದ್ದದ್ದು ತಲೆ, ಹಿಂದಿದ್ದದ್ದು ಬೆನ್ನು. ತುಂಬಾ ಚೆನ್ನಾಗಿ ತೆಗೆದಿದ್ದೀರಿ ಅಂತ ಥ್ಯಾಂಕ್ಸ್ ಹೇಳಿದ್ದಾರೆ."

ಕಾಕಾ ಎಡಗೈಯನ್ನು ದಿಂಬಿನ ಮೇಲಿಟ್ಟರು. ಸೂಜಿ ಚುಚ್ಚಿಸಿಕೊಂಡರು, ನಳಿಗೆಗಳು ಕೆಂಪಾದವು. ಆಮೇಲೆ ಬಲಗೈ ಚಾಚಿ ನನ್ನ ಫೋನ್ ಕೇಳಿದರು. ನಾನು ತೆಗೆದ ಚಿತ್ರವನ್ನು ಓಡಿಸಿ ನೋಡಿದರು. ಮತ್ತೆ ನೋಡಿದರು. ಕನ್ನಡಕ ಹಣೆಗೇರಿಸಿ ಮತ್ತೊಮ್ಮೆ.

"ಜಿಂಕಿ ಈಸತದ?" ಎಂದರು. ದನಿಯಲ್ಲಿ ಸೋತವರ ಸುಳಿವೇ ಇರಲಿಲ್ಲ. "ಅಷ್ಟು ದೂರ? ಆ ಥಂಡಿ ನೀರಾಗ? ನನಗ ಇಷ್ಟ ವಯಸ್ಸಾತು, ಜಿಂಕಿ ಈಸತದ ಅಂತ ಯಾರೂ ಹೇಳಿಲ್ಲ ನೋಡು." ಮತ್ತೆ ಚಿತ್ರದ ಮೇಲೆ ಬಾಗಿದರು. ಈಗ ಅವರಿಗೆ ಕೊಂಬು ಕಂಡಿತು, ನನಗೂ ತೋರಿಸಿದರು, ಇಷ್ಟೇ ಇಷ್ಟು, ಮೊನೆಯ ಮೇಲೆ ಎರಡು ಎಳೆ. "ಇಲ್ಲಿ ನೋಡು, ಇಲ್ಲಿ ಸಾವಕಾಶ ಆಗ್ಯದ. ಪಾಪ, ದಣದದ ಅದು. ಆದರೂ ತಲಿ ಮ್ಯಾಲೆ ಇಟ್ಟದ."

ಹೊರಗೆ ಹೋಗುವಾಗ ಅದನ್ನೇ ಶಾಂತವ್ವನಿಗೂ ಹೇಳಿದರಂತೆ, ನಿಗಡಿ ಮುಟ್ಟುವವರೆಗೂ ಜಿಂಕೆಯದೇ ಮಾತಂತೆ. ಮುಂದಿನ ಮಂಗಳವಾರ ಹನ್ನೆರಡಕ್ಕೆ ಮೊದಲೇ ಬಂದು ಟ್ಯಾಬ್ ನಿಲ್ಲಿಸಿಕೊಂಡು ಮಲಗಿದ್ದರು. "ಇನ್ನ ಏನೇನ ಈಸತಾವೋ ನೋಡೂಣು" ಎಂದರು.

ಆ ದಿನಗಳಲ್ಲಿ ವಾರ್ಡಿನ ಹತ್ತಿರದವರು ಇಬ್ಬರು ತೀರಿಕೊಂಡರು, ರಿಕ್ಷಾ ಚಾಲಕನಿಗೆ ಅವನ ತಾಯಿ ಮೂತ್ರಪಿಂಡ ಕೊಟ್ಟಳು, ನನ್ನ ಹೆಸರು ಕಾಯುವವರ ಸಾಲಿನಲ್ಲಿ ಇದ್ದಲ್ಲೇ ಇತ್ತು. ಕಾಕಾ ಎಂದಿನಂತೆ ಬರುತ್ತಿದ್ದರು. ಆದರೆ ಸಕ್ಕರೆ ಈಗ ಅವರ ಕಣ್ಣಿಗೆ ಕೈ ಹಾಕಿತ್ತು. ಮೊದಲು ಟ್ಯಾಬ್ ಹೊಟ್ಟೆಯಿಂದ ಎದೆಗೆ ಬಂತು, ಎದೆಯಿಂದ ಮೂಗಿನ ಹತ್ತಿರಕ್ಕೆ. ಒಂದು ದಿನ ಅದನ್ನು ನನ್ನ ಕಡೆ ಚಾಚಿ, "ನೀ ನೋಡಿ ಹೇಳು, ನನಗ ಎಲ್ಲಾ ಒಂದ ಬಣ್ಣ ಕಾಣ್ಲಾಕ ಹತ್ತೇದ" ಎಂದರು.

ನನಗೆ ಆ ದಿನ ಕಾಲು ಸೆಳೆಯುತ್ತಿತ್ತು, ಆಫೀಸಿನ ಕೆಲಸ ಉಳಿದಿತ್ತು. ಒಮ್ಮೆ ಕಣ್ಣು ಹಾಯಿಸಿ, "ಏನಿಲ್ಲ ಅಂಕಲ್, ನೀರಿದೆ ಅಷ್ಟೆ" ಎಂದೆ.

"ಎಂಥಾ ನೀರು?"

"ಬೂದಿ ಬಣ್ಣ."

"ಬೂದಿ ಅಂದ್ರ? ಒಲಿ ಬೂದಿನೋ, ಪಾರಿವಾಳದ ಮೈಯೋ? ಗಿರಾಕಿ ಬೂದಿ ಬಣ್ಣದ್ದ ತೋರಿಸ್ರಿ ಅಂದ್ರ ನಾ ಎಂಟ ಸೀರಿ ಇಳಸತಿದ್ದೆ."

ಮತ್ತೆ ನೋಡಿದೆ. ನಿಜಕ್ಕೂ ಒಂದೇ ಬೂದಿ ಇರಲಿಲ್ಲ. ದಡದ ಹತ್ತಿರ ಹಸಿರು ಬೆರೆತಿತ್ತು, ನಡುವೆ ಸೀಸದ ಹಾಗೆ ಭಾರವಾಗಿತ್ತು, ಆಚೆ ಗುಡ್ಡದ ನೆರಳು ಬಿದ್ದಲ್ಲಿ ಕಪ್ಪು. ಹೇಳಿದೆ. ಕಾಕಾ ಕಣ್ಣು ಮುಚ್ಚಿ ಕೇಳುತ್ತಾ ಅಲ್ಲಲ್ಲಿ ತಡೆದು ಪ್ರಶ್ನೆ ಕೇಳಿದರು. ಗಾಳಿ ಯಾವ ಕಡೆ? ಅಲೆ ಸಣ್ಣವೋ ದೊಡ್ಡವೋ? ಅಂದಿನಿಂದ ಅದೇ ನಮ್ಮ ಮಧ್ಯಾಹ್ನವಾಯಿತು. ನಾನು ನೋಡುವವಳು, ಅವರು ಹುಡುಕುವವರು. ಕೆಲವು ದಿನ ಬೇಸರವಾಗುತ್ತಿತ್ತು, ಕೆಲವು ದಿನ ಅವರಿಗೆ ನಿದ್ದೆ ಹತ್ತಿದ ಮೇಲೂ ನಾನು ನೋಡುತ್ತಲೇ ಇದ್ದೆ.

ಹೋದ ಮಾಘದಲ್ಲಿ ಸೂಜಿ ಚುಚ್ಚುತ್ತಿದ್ದ ಅವರ ತೋಳಿನ ನರ ಕಟ್ಟಿಕೊಂಡಿತು. ಕುತ್ತಿಗೆಗೆ ನಳಿಗೆ ಹಾಕಿದರು, ಅದಕ್ಕೆ ಸೋಂಕಾಯಿತು, ಮತ್ತೊಂದು ಹಾಕಿದರು. ಒಂದು ಶನಿವಾರ ಅವರ ಯಂತ್ರ ನಿಲ್ಲಿಸಿದ ಮೇಲೆ, ಎಂದಿನಂತೆ ಗಾಲಿಕುರ್ಚಿಯಲ್ಲಿ ನೇರವಾಗಿ ಹೊರಗೆ ಹೋಗದೆ, ನನ್ನ ಹಾಸಿಗೆಯ ಪಕ್ಕ ನಿಲ್ಲಿಸಲು ದಿಲೀಪನಿಗೆ ಹೇಳಿದರು.

"ಮಂಗಳವಾರ ನಾ ಬರೂದಿಲ್ಲವ್ವಾ."

ಯಾಕೆ ಎಂದು ಕೇಳುವವರು ಅವರಿಗೆ ಬಹಳ ಜನರಿದ್ದರು. ನಾನು ಕೇಳಲಿಲ್ಲ. "ಆಂಟಿಗೆ ಹೇಳಿದ್ರಾ?" ಎಂದೆ.

"ಹೇಳೀನಿ. ಈ ಸಲ ಆಕಿ ಅಳಲಿಲ್ಲ. ನನ್ನ ಕುತ್ತಿಗಿ ನೋಡಿದ್ಲು, ಸುಮ್ಮನಾದ್ಲು."

"ನನಗೂ ಸಾಕಾಗಿದೆ ಅಂಕಲ್" ಎಂದುಬಿಟ್ಟೆ. ಅಮ್ಮನ ಎದುರು ಎಂದೂ ಆಡದ ಮಾತು.

ಅವರು ತಡಕಾಡಿ ನನ್ನ ಮಂಚದ ಅಂಚು ಹಿಡಿದರು. "ಸಾಕಾಗೂದು ಬ್ಯಾರೆ, ಮುಗಿಯೂದು ಬ್ಯಾರೆ. ನಿನಗ ಸಾಕಾಗೇದ, ನನಗ ಗೊತ್ತದ. ನಂದು ಮುಗದದ. ಎರಡೂ ಒಂದ ಅಂತ ತಿಳೀಬ್ಯಾಡ."

ಬುಧವಾರ, ನನ್ನ ಜೊತೆಗಿರಲು ಊರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ನಿಗಡಿಗೆ ಹೋದೆ. ನೆಲಮಹಡಿಯ ಚಿಕ್ಕ ಮನೆ. ಪಡಸಾಲೆಯ ಮಂಚದ ಮೇಲೆ ಕಾಕಾ ಗೋಡೆಗೆ ಒರಗಿ ಕುಳಿತಿದ್ದರು. ಮುಖ ಊದಿತ್ತು, ಮಾತು ನಿಧಾನವಾಗಿತ್ತು, ಆದರೆ ಮೈಯಲ್ಲಿ ಒಂದೂ ನಳಿಗೆಯಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ಅಮ್ಮನನ್ನು "ಬರ್ರಿ ಅಕ್ಕಾರ, ಮಗಳಿಗೆ ಪೂರಾ ಕನ್ನಡ ಕಲಸಬೇಕಾಗಿತ್ತು ನೀವು" ಎಂದು ರೇಗಿಸಿದರು. ಅಮ್ಮ ನಕ್ಕಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಾತಿನ ನಡುವೆ ನೀರು ಕೇಳಿದರು. ಶಾಂತವ್ವ ತಂಬಿಗೆ ತುಂಬ ತಂದು ಕೈಗೆ ಕೊಟ್ಟು, ತಾವೇ ತಳ ಹಿಡಿದುಕೊಂಡರು. ಇನ್ನು ಲೆಕ್ಕವಿರಲಿಲ್ಲ, ಯಾರೂ ಅಳೆಯುವವರಿರಲಿಲ್ಲ. ಕಾಕಾ ಎರಡು ಗುಟುಕು ಕುಡಿದು ತಂಬಿಗೆ ಸರಿಸಿದರು.

"ಸಾಕು" ಎಂದರು. "ಇಷ್ಟಕ್ಕ ಇಷ್ಟ ವರ್ಷ ಬಡದಾಡಿದೆ ನೋಡು."

ಆಮೇಲೆ ಕಣ್ಣು ಮುಚ್ಚಿದರು. ನಿದ್ದೆಯೆಂದು ನಾವು ಎದ್ದೆವು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಕೇಳಿದರು. "ನಾಳೆ ನಿನ್ನ ಪಾಳಿ ಅಲ್ಲಾ?"

"ಹೌದು ಅಂಕಲ್."

"ಹೋಗು ಮತ್ತ. ತಪ್ಪಿಸಬ್ಯಾಡ."

ಗುರುವಾರ ಹೋದೆ. ಪಕ್ಕದ ಹಾಸಿಗೆಯಲ್ಲಿ ಹೊಸ ಹೆಂಗಸೊಬ್ಬಳು ಬಂದಿದ್ದಳು, ಅದು ಅವಳ ಮೊದಲ ದಿನ, ಛಾವಣಿ ನೋಡುತ್ತಾ ಮಲಗಿದ್ದಳು. ನನ್ನ ಯಂತ್ರ ಅರ್ಧ ದಾರಿಯಲ್ಲಿದ್ದಾಗ ದಿಲೀಪ ಫೋನಿನಲ್ಲಿ ಮಾತಾಡಿ ಬಂದು ನನ್ನ ಕಾಲ ಬಳಿ ನಿಂತ. ಅವನ ಮುಖ ನೋಡಿಯೇ ಗೊತ್ತಾಯಿತು.

"ತಾಈ, ಕಾಕಾ ಗೇಲೇ" ಎಂದ.

ಬೆಳಿಗ್ಗೆ ಹೋದರಂತೆ, ನಿದ್ದೆಯಲ್ಲೇ. ಸಂಜೆಯೊಳಗೆ ಮಣ್ಣು ಮಾಡುತ್ತಾರಂತೆ, ಊರಿನವರು ಬಂದಾಗಿದೆಯಂತೆ. ಅವನು ಗಡಿಯಾರ ನೋಡಿದ, ಯಂತ್ರದ ಪರದೆ ನೋಡಿದ. ಇನ್ನೂ ಎರಡು ಗಂಟೆ ಉಳಿದಿತ್ತು. ಈಗಲೇ ಬಿಚ್ಚಿದರೆ ಒಂದು ರಿಕ್ಷಾ ಹಿಡಿದು ಮುಖ ನೋಡಬಹುದಿತ್ತು. ದಿಲೀಪ ನನ್ನ ತೋಳಿನ ಟೇಪಿನ ಮೇಲೆ ಬೆರಳಿಟ್ಟು ಮೆಲ್ಲನೆ ಕೇಳಿದ.

"ಕಾಢೂ ಕಾ?" ತೆಗೆಯಲೇ ಎಂದು.

ಮೈಯೆಲ್ಲ ತೆಗೆ ಎನ್ನುತ್ತಿತ್ತು. ಕಾಲು ಸೆಳೆಯಲು ಶುರುವಾಗಿತ್ತು, ಬಾಯಿ ಒಣಗಿತ್ತು, ಕಣ್ಣಿನಿಂದ ಇಳಿದದ್ದನ್ನು ಒರೆಸಿಕೊಳ್ಳಲು ಒಂದೇ ಕೈ ಇತ್ತು.

"ನಕೋ" ಎಂದೆ. "ಪೂರ್ತಿ ಆಗಲಿ."

ಅವನಿಗೆ ಕನ್ನಡ ತಿಳಿಯಿತು. ಟೇಪಿನ ಮೇಲಿಂದ ಬೆರಳು ತೆಗೆದು, ಹೊದಿಕೆಯನ್ನು ನನ್ನ ಪಾದಗಳ ಮೇಲೆ ಎಳೆದು, ಹೊಸ ಹೆಂಗಸಿನ ರಕ್ತದೊತ್ತಡ ನೋಡಲು ಆ ಕಡೆ ಹೋದ.